ತುಕ್ಕಿನ ಕೆಳಗಿದ್ದ ನಂಬರು

"ಗ್ರೈಂಡರ್ ಹಿಡಿದ್ರೆ ಐದೇ ನಿಮಿಷ ಸಾರ್, ಫಳಫಳ ಅನ್ಸಿಬಿಡ್ತೀನಿ."

ಮೆಕ್ಯಾನಿಕ್ ಹೀಗಂದಾಗ ಅವನ ಕೈಯಲ್ಲಿದ್ದ ಗ್ರೈಂಡರ್ ಆಗಲೇ ಗುಂಯ್ ಅಂತ ತಿರುಗುತ್ತಿತ್ತು. ಎದುರಿಗೆ ಅಪ್ಪನ ಎಜ್ಡಿಯ ಬೋಳು ಫ್ರೇಮು. ಅದರ ಕುತ್ತಿಗೆಯಲ್ಲಿ, ಹ್ಯಾಂಡಲ್ ಕೂರುವ ಜಾಗದ ಪಕ್ಕದಲ್ಲಿ, ಚಾಸಿ ನಂಬರ್ ಇರಬೇಕಾದ ಕಡೆ ಹಲಸಿನ ಸಿಪ್ಪೆಯ ಹಾಗೆ ದೊರಗು ದೊರಗು ತುಕ್ಕು. ನಾನು "ನಿಲ್ಸಿ, ನಿಲ್ಸಿ" ಅಂತ ಕೂಗಿದ್ದಕ್ಕೆ ಅವನಿಗೆ ನನ್ನ ತಲೆಯ ಬಗ್ಗೆಯೇ ಅನುಮಾನ ಬಂದಿರಬೇಕು.

ವಿಷಯ ಏನಪ್ಪಾ ಅಂದರೆ, ಗಾಡಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಅಪ್ಪ 2021ರಲ್ಲಿ ತೀರಿಕೊಂಡರು. ಅದನ್ನು ನನ್ನ ಹೆಸರಿಗೆ ಮಾಡಿಸಿ, ರಿಜಿಸ್ಟ್ರೇಷನ್ ನವೀಕರಿಸಿ ರಸ್ತೆಗೆ ಇಳಿಸಬೇಕೆಂದರೆ ಇನ್‌ಸ್ಪೆಕ್ಷನ್ ಆಗಬೇಕು. ಅಲ್ಲಿ ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅಚ್ಚು ಆರ್‌ಸಿ ಪುಸ್ತಕದ ಜೊತೆ ತಾಳೆಯಾಗಬೇಕು. ನಂಬರೇ ಇಲ್ಲದ ಫ್ರೇಮು ಅಂದರೆ ಕಾನೂನಿನ ಕಣ್ಣಲ್ಲಿ ಅದು ಗಾಡಿಯೇ ಅಲ್ಲ, ಬರೀ ಕಬ್ಬಿಣ. ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಬಹುದು ಅಷ್ಟೇ.

ಅಚ್ಚೊತ್ತಿದ ಅಕ್ಷರದ ಆಳ ಇರುವುದು ಒಂದು ಮಿಲಿಮೀಟರಿನ ಸಣ್ಣ ಪಾಲು. ಗ್ರೈಂಡರಿಗೆ ತುಕ್ಕು ಯಾವುದು, ಉಕ್ಕು ಯಾವುದು ಅನ್ನುವ ಭೇದ ಗೊತ್ತಿಲ್ಲ. ಅದು ಎರಡನ್ನೂ ಸಮಾನವಾಗಿ ತಿನ್ನುತ್ತದೆ. ನನಗೆ ಬೇಕಾಗಿದ್ದದ್ದು ಆ ಭೇದ ಗೊತ್ತಿರುವ ಒಂದು ಸಾಧನ. ಹಾಗೆ ಹುಡುಕುತ್ತಾ ಹೋಗಿ ಕೊನೆಗೆ ನಮ್ಮ ಕೊಟ್ಟಿಗೆಯಲ್ಲಿ ಒಂದು ಡ್ರಮ್ಮು, ಒಂದಿಷ್ಟು ಬಟ್ಟೆ ಸೋಡಾ, ಒಂದು ಬ್ಯಾಟರಿ ಚಾರ್ಜರ್ ಮುಂದೆ ಕೂತುಕೊಂಡೆ. ಆದರೆ ಡ್ರಮ್ಮಿಗಿಂತ ಮೊದಲು ಅದರ ಹಿಂದಿನ ಕಥೆ ಹೇಳಬೇಕು. ಅದು 1770ರಲ್ಲಿ, ಆಸ್ಟ್ರೇಲಿಯಾದ ಹತ್ತಿರ ಒಂದು ಹಡಗು ಬಂಡೆಗೆ ಬಡಿದಲ್ಲಿಂದ ಶುರುವಾಗುತ್ತದೆ.

ಅದಕ್ಕೂ ಮುಂಚೆ ಗಾಡಿಯ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ಜಾವಾ ಅಭಿಮಾನಿಗಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ :-)

ಜೆಕ್ ದೇಶದ ಜಾನೆಚೆಕ್ ಅನ್ನುವವರು 1929ರಲ್ಲಿ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡು, ತಮ್ಮ ಹೆಸರಿನ 'ಜಾ' ಮತ್ತು ವಾಂಡರರಿನ 'ವಾ' ಸೇರಿಸಿ ಮಾಡಿದ ಹೆಸರು ಜಾವಾ. ಮೈಸೂರಿನಲ್ಲಿ ಇರಾನಿ ಕುಟುಂಬದವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರ ಹೊತ್ತಿಗೆ ಬೈಕುಗಳು ಹೊರಬರತೊಡಗಿದವು. 1973ರಿಂದ ಅವುಗಳ ಹೆಸರು ಎಜ್ಡಿ ಎಂದಾಯಿತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಯಾದವಗಿರಿಯ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಂದರೆ ನಾನು ಹುಟ್ಟುವ ಹೊತ್ತಿಗೆ ಎಜ್ಡಿ ಆಗಲೇ ಚರಿತ್ರೆ. ಜಾವಾ 2018ರಲ್ಲಿ, ಎಜ್ಡಿ 2022ರಲ್ಲಿ ಹೊಸ ರೂಪದಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು ನಿಜ, ಆದರೆ ಕಿಕ್ಕರನ್ನೇ ಮಡಚಿ ಗೇರ್ ಹಾಕುವ ಆ ಹಳೇ ಗಾಡಿಯ ಗಮ್ಮತ್ತು ಬೇರೆ.

ಅಪ್ಪ ತಮ್ಮ ರೋಡ್‌ಕಿಂಗನ್ನು ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು ಮದುವೆಗೆ ಮುಂಚೆ. ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ತೀರ್ಥಹಳ್ಳಿ ಪೇಟೆಗೆ ಹೋಗುತ್ತಿದ್ದರು. ನಾನು ಮಿಡ್ಲ್ ಸ್ಕೂಲಿಗೆ ಬರುವ ಹೊತ್ತಿಗೆ ಅದು ಕೊಟ್ಟಿಗೆಯ ಮೂಲೆ ಸೇರಿತು. ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಸೋನೆ ಬಿಡುವುದು ಸೆಪ್ಟೆಂಬರಿಗೆ. ಮೇಲೆ ಸೋರುವ ಹೆಂಚು, ಕೆಳಗೆ ಗಂಜಲ, ಪಕ್ಕದಲ್ಲಿ ಗೊಬ್ಬರದ ಚೀಲ. ತುಕ್ಕಿಗೆ ಇನ್ನೇನು ಬೇಕು ಹೇಳಿ?

ಈಗ 1770ಕ್ಕೆ ಬರೋಣ.

ಕ್ಯಾಪ್ಟನ್ ಜೇಮ್ಸ್ ಕುಕ್‌ನ 'ಎಂಡೆವರ್' ಹಡಗು ಜೂನ್ 11ರ ರಾತ್ರಿ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳದ ದಿಬ್ಬಕ್ಕೆ ಬಡಿದು ಸಿಕ್ಕಿಹಾಕಿಕೊಂಡಿತು. ಹಡಗನ್ನು ಹಗುರ ಮಾಡಲು ಕೈಗೆ ಸಿಕ್ಕ ಭಾರವನ್ನೆಲ್ಲ ಸಮುದ್ರಕ್ಕೆ ಎಸೆದರು. ಅದರಲ್ಲಿ ಆರು ಕಬ್ಬಿಣದ ಫಿರಂಗಿಗಳೂ ಇದ್ದವು. ಮರುದಿನ ರಾತ್ರಿ ಹಡಗು ಬಿಡಿಸಿಕೊಂಡಿತು, ಎಲ್ಲರೂ ಬದುಕಿದರು. ಆ ಹಡಗಿನಲ್ಲಿ ಜೋಸೆಫ್ ಬ್ಯಾಂಕ್ಸ್ ಎಂಬ 27 ವರ್ಷದ ಸಸ್ಯವಿಜ್ಞಾನಿ ಇದ್ದ. ಈತನ ಹೆಸರು ನೆನಪಿಟ್ಟುಕೊಳ್ಳಿ. ಹೆಚ್ಚುಕಡಿಮೆ ನನ್ನ ವಯಸ್ಸು, ಆದರೆ ನಾನು ಆ ವಯಸ್ಸಿಗೆ ಮಾಡಿದ್ದು ಎರಡು ಸಲ ಕಂಪನಿ ಬದಲಾಯಿಸಿದ್ದು ಮಾತ್ರ.

ಮೂವತ್ತು ವರ್ಷ ಆದಮೇಲೆ, 1800ರ ಮಾರ್ಚ್ 20ರಂದು, ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದ. ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಚೂರುಗಳನ್ನಿಟ್ಟು, ಒಂದರ ಮೇಲೊಂದು ಪೇರಿಸಿದರೆ ನಿರಂತರವಾಗಿ ವಿದ್ಯುತ್ತು ಹರಿಯುತ್ತದೆ ಎಂಬುದು ಅದರ ಸಾರಾಂಶ. ಅದೇ ಜಗತ್ತಿನ ಮೊದಲ ಬ್ಯಾಟರಿ. ಆ ಪತ್ರ ಯಾರ ಹೆಸರಿಗೆ ಇತ್ತು ಗೊತ್ತೇ? ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್‌ಗೆ! ಅದೇ ಬ್ಯಾಂಕ್ಸ್.

ಬ್ಯಾಂಕ್ಸ್ ಅದನ್ನು ಅಚ್ಚಿಗೆ ಹಾಕುವ ಮೊದಲೇ ಆಂಥೊನಿ ಕಾರ್ಲೈಲ್ ಎಂಬ ಶಸ್ತ್ರವೈದ್ಯನಿಗೆ ತೋರಿಸಿದ. ಕಾರ್ಲೈಲ್ ತನ್ನ ಗೆಳೆಯ ವಿಲಿಯಂ ನಿಕಲ್ಸನ್ ಜೊತೆ ಸೇರಿ ಒಂದು ಬಿಲ್ಲೆಗೋಪುರ ಕಟ್ಟಿದ. ತಂತಿ ಸರಿಯಾಗಿ ತಾಗಲಿ ಅಂತ ಮೇಲಿನ ಬಿಲ್ಲೆಯ ಮೇಲೆ ಒಂದು ಹನಿ ನೀರು ಹಾಕಿದರು. ಆ ಹನಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಏಳತೊಡಗಿದವು. ಇದೇನು ಅಂತ ಎರಡೂ ತಂತಿಯನ್ನು ನೀರಿನ ಕೊಳವೆಯೊಳಗೆ ಇಳಿಸಿ ನೋಡಿದರೆ, ನೀರು ಜಲಜನಕ ಮತ್ತು ಆಮ್ಲಜನಕವಾಗಿ ಒಡೆಯುತ್ತಿತ್ತು. ವಿದ್ಯುದ್ವಿಭಜನೆ ಹುಟ್ಟಿದ್ದು ಹೀಗೆ, ಲೂಸ್ ಕಾಂಟ್ಯಾಕ್ಟ್ ಸರಿಮಾಡಲು ಹೋಗಿ! ಎಲೆಕ್ಟ್ರಾನಿಕ್ಸ್ ಓದಿದವನಾಗಿ ನನಗೆ ಈ ಕಥೆ ಕೇಳಿ ಆದ ಸಂತೋಷ ಅಷ್ಟಿಷ್ಟಲ್ಲ.

ಆಮೇಲಿನದು ನಾಗಾಲೋಟ. ಹಂಫ್ರಿ ಡೇವಿ 1807ರಲ್ಲಿ ಇದೇ ವಿಧಾನದಿಂದ ಪೊಟ್ಯಾಸಿಯಂ, ಸೋಡಿಯಂ ಬೇರ್ಪಡಿಸಿದ. 1824ರಲ್ಲಿ ಅವನಿಗೆ ಇನ್ನೊಂದು ಕೆಲಸ ಬಂತು. ಬ್ರಿಟಿಷ್ ಯುದ್ಧನೌಕೆಗಳ ತಳಕ್ಕೆ ಹೊದಿಸಿದ್ದ ತಾಮ್ರದ ತಗಡು ಸಮುದ್ರದಲ್ಲಿ ಕರಗಿಹೋಗುತ್ತಿತ್ತು. ತಗಡಿಗೆ ಸತುವಿನ ಅಥವಾ ಕಬ್ಬಿಣದ ತುಂಡು ತಾಗಿಸಿಟ್ಟರೆ ಸಮುದ್ರ ಆ ತುಂಡನ್ನು ತಿಂದು ತಾಮ್ರವನ್ನು ಬಿಡುತ್ತದೆ ಅಂತ ಡೇವಿ ತೋರಿಸಿಕೊಟ್ಟ. ಲೆಕ್ಕಾಚಾರ ಪಕ್ಕಾ, ತಾಮ್ರ ಉಳಿಯಿತು. ಆದರೆ ತಾಮ್ರ ಸ್ವಲ್ಪ ಸ್ವಲ್ಪ ಕರಗುತ್ತಿದ್ದುದರಿಂದಲೇ ಪಾಚಿ, ಚಿಪ್ಪುಹುಳುಗಳು ಹಡಗಿಗೆ ಅಂಟದೆ ಇದ್ದವು. ಕರಗುವುದು ನಿಂತಾಗ ಅವೆಲ್ಲ ಬಂದು ಮೆತ್ತಿಕೊಂಡು ಹಡಗುಗಳು ತೆವಳತೊಡಗಿದವು. ಒಂದು ಬಗ್ ಸರಿಮಾಡಿದರೆ ಇನ್ನೊಂದು ಏಳುವುದು ನಮ್ಮ ಕಾಲದ ವಿಶೇಷವೇನೂ ಅಲ್ಲ. ಆದರೂ ಡೇವಿ ಕಂಡುಕೊಂಡ ಸೂತ್ರ ಗಟ್ಟಿಯಾಗಿ ಉಳಿಯಿತು: ಉಳಿಯಬೇಕಾದ ಲೋಹಕ್ಕೆ ಇಲೆಕ್ಟ್ರಾನ್ ಕೊಡಿ, ಸಾಯಲು ಬೇರೊಂದನ್ನು ಪಕ್ಕದಲ್ಲಿಡಿ. ಇಂದಿಗೂ ಹಡಗುಗಳಿಗೂ ನೆಲದೊಳಗಿನ ಪೈಪುಗಳಿಗೂ ರಕ್ಷಣೆ ಇದರಿಂದಲೇ. (ಇಲೆಕ್ಟ್ರಾನ್ ಅನ್ನುವ ಮಾತು ಡೇವಿಗೆ ಗೊತ್ತಿರಲಿಲ್ಲ, ಅದು ನನ್ನದು.)

ಡೇವಿಯ ಸಹಾಯಕನಾಗಿ ಸೇರಿದ ಮೈಕೆಲ್ ಫ್ಯಾರಡೆ ಒಬ್ಬ ಕಮ್ಮಾರನ ಮಗ. ಎಷ್ಟು ವಿದ್ಯುತ್ತು ಹರಿದರೆ ಎಷ್ಟು ಪದಾರ್ಥ ಬದಲಾಗುತ್ತದೆ ಎಂಬ ಲೆಕ್ಕವನ್ನು ಕಟ್ಟಿಕೊಟ್ಟವನು ಅವನು. ಆನೋಡ್, ಕ್ಯಾಥೋಡ್, ಅಯಾನು, ಎಲೆಕ್ಟ್ರೋಲೈಟ್ ಎಂಬ ಶಬ್ದಗಳೆಲ್ಲ 1834ರಲ್ಲಿ ಅವನ ಬರಹದಿಂದ ಬಂದವು, ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್ ಗ್ರೀಕ್ ಶಬ್ದ ಹುಡುಕಿಕೊಟ್ಟ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಈ ಫ್ಯಾರಡೆ ನಿಯಮವನ್ನು ನಾನು ಬಾಯಿಪಾಠ ಮಾಡಿ ಬರೆದು ಮಾರ್ಕ್ಸು ತಗೊಂಡು ಮರೆತುಬಿಟ್ಟಿದ್ದೆ. ಹತ್ತು ವರ್ಷದ ನಂತರ ಕೊಟ್ಟಿಗೆಯಲ್ಲಿ ಅದು ಎದುರಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಿಜ ಹೇಳಬೇಕೆಂದರೆ ಅಡಿಕೆ ತೋಟದವರಿಗೆ ಇದೆಲ್ಲ ಹೊಸದೇನಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಅಪ್ಪ ಒಂದು ಪರೀಕ್ಷೆ ಮಾಡುತ್ತಿದ್ದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಮೇಲೆ ಉಜ್ಜಿದ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದುವುದು. ಕತ್ತಿ ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಕತ್ತಿಯ ಮೇಲೆ ಕೂತ ಆ ಕೆಂಪು ಏನು? ತಾಮ್ರ! ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ತಾಮ್ರಕ್ಕೆ ಕೊಟ್ಟು ತಾನು ಕರಗುತ್ತದೆ. ಡೇವಿಯ ಹಡಗಿನ ತಳದಲ್ಲಿ ನಡೆದ ವ್ಯಾಪಾರವೇ ಅಪ್ಪನ ಕತ್ತಿಯ ತುದಿಯಲ್ಲೂ ನಡೆಯುತ್ತಿತ್ತು.

ತುಕ್ಕು ಕೂಡ ಇದೇ ವ್ಯಾಪಾರವೇ. 1920ರ ದಶಕದಲ್ಲಿ ಕೇಂಬ್ರಿಜ್‌ನ ಯು. ಆರ್. ಇವಾನ್ಸ್ ಒಂದು ಕಬ್ಬಿಣದ ತಗಡಿನ ಮೇಲೆ ಒಂದೇ ಒಂದು ಹನಿ ಉಪ್ಪುನೀರು ಹಾಕಿ ಇದನ್ನು ತೋರಿಸಿದರು. ನೀರಿನಲ್ಲಿ ಬಣ್ಣ ಬದಲಿಸುವ ಎರಡು ರಾಸಾಯನಿಕಗಳಿದ್ದವು. ಹನಿಯ ನಡುವೆ ನೀಲಿ ಬಣ್ಣ ಬಂತು, ಅಂದರೆ ಅಲ್ಲಿ ಕಬ್ಬಿಣ ಕರಗುತ್ತಿದೆ. ಗಾಳಿ ಚೆನ್ನಾಗಿ ಸಿಗುವ ಅಂಚಿನಲ್ಲಿ ಗುಲಾಬಿ ಬಣ್ಣ, ಅಂದರೆ ಅಲ್ಲಿ ಆಮ್ಲಜನಕ ಇಲೆಕ್ಟ್ರಾನ್ ಪಡೆಯುತ್ತಿದೆ. ಇವೆರಡರ ನಡುವೆ ಉಂಗುರದ ಹಾಗೆ ತುಕ್ಕು. ಒಂದು ಹನಿಯಲ್ಲಿ ಇಡೀ ಒಂದು ಬ್ಯಾಟರಿ. ನಮ್ಮ ಕೊಟ್ಟಿಗೆಯ ಸೋರುವ ಹೆಂಚಿನ ಕೆಳಗೆ ಅಂಥ ಎಷ್ಟು ಲಕ್ಷ ಬ್ಯಾಟರಿಗಳು ವರ್ಷಗಟ್ಟಲೆ ಅಪ್ಪನ ಗಾಡಿಯ ಮೇಲೆ ಓಡಿದವೋ!

ಹಾಗಾದರೆ ಹೊರಗಿನಿಂದ ವಿದ್ಯುತ್ತು ಕೊಟ್ಟು ಆ ವ್ಯಾಪಾರವನ್ನು ಉಲ್ಟಾ ಮಾಡಿದರೆ?

ಇದನ್ನು ಗಂಭೀರವಾಗಿ ಮಾಡಿ ನೋಡಿದವರು ಮ್ಯೂಸಿಯಂ ಜನ. ಬರ್ಲಿನ್ನಿನ ರಾಜಮನೆತನದ ಮ್ಯೂಸಿಯಂಗಳು 1888ರಲ್ಲಿ ಫ್ರೀಡ್ರಿಷ್ ರಾಟ್‌ಗೆನ್ ಎಂಬ ರಸಾಯನಶಾಸ್ತ್ರಜ್ಞನನ್ನು ನೇಮಿಸಿಕೊಂಡು ಒಂದು ಪ್ರಯೋಗಾಲಯವನ್ನೇ ತೆರೆದವು. ಹಳೆಯ ವಸ್ತು ಕೆರೆದರೆ ಅದರ ಮೇಲಿನ ಬರಹ, ಚಿತ್ರ ಎಲ್ಲ ಹೋಗುತ್ತದೆ. ನನ್ನ ಗ್ರೈಂಡರ್ ಸಮಸ್ಯೆಯೇ! ರಾಟ್‌ಗೆನ್ ತುಕ್ಕು ಹಿಡಿದ ವಸ್ತುಗಳಿಗೆ ವಿದ್ಯುತ್ತಿನ ಚಿಕಿತ್ಸೆ ಕೊಟ್ಟ. ಕಬ್ಬಿಣಕ್ಕೆ ನಾರ್ವೆಯ ಕ್ರೆಫ್ಟಿಂಗ್ ಎಂಬಾತನ ಉಪಾಯ ಇತ್ತು: ವಸ್ತುವನ್ನು ಸತುವಿನ ಜೊತೆ ಸೇರಿಸಿ ಕಾಸ್ಟಿಕ್ ಸೋಡಾದಲ್ಲಿ ಮುಳುಗಿಸುವುದು. ಹೊರಗಿನ ಬ್ಯಾಟರಿಯೇ ಬೇಡ, ಸತುವೇ ಬ್ಯಾಟರಿ. ಇದನ್ನೆಲ್ಲ ರಾಟ್‌ಗೆನ್ 1898ರಲ್ಲಿ ಪುಸ್ತಕ ಮಾಡಿ ಪ್ರಕಟಿಸಿದ. ಆದರೆ ಒಂದು ಶರತ್ತು ಇತ್ತು. ಒಳಗೆ ಗಟ್ಟಿ ಲೋಹ ಉಳಿದಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಪೂರ್ತಿ ತುಕ್ಕೇ ಆಗಿಹೋದದ್ದಕ್ಕೆ ಇದರಲ್ಲಿ ಔಷಧ ಇಲ್ಲ.

ಈಗ ಆ ಫಿರಂಗಿಗಳು. 1969ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬಂದ ಒಂದು ತಂಡ ಕಾಂತಮಾಪಕ ಹಿಡಿದು ಅದೇ ಹವಳದ ದಿಬ್ಬದ ಮೇಲೆ ಹುಡುಕಿ ಎಂಡೆವರಿನ ಆರೂ ಫಿರಂಗಿಗಳನ್ನು ಪತ್ತೆ ಮಾಡಿತು. ಎರಡು ಶತಮಾನದ ಹವಳ ಅವುಗಳ ಮೇಲೆ ಕಲ್ಲಿನ ಹಾಗೆ ಬೆಳೆದಿತ್ತು. ಅವನ್ನು ಮೆಲ್ಬರ್ನ್‌ನ ರಕ್ಷಣಾ ಪ್ರಯೋಗಾಲಯಕ್ಕೆ ಒಯ್ದು, ಹವಳ ಬಿಡಿಸಿ, ಕಾಸ್ಟಿಕ್ ಸೋಡಾದ ತೊಟ್ಟಿಯಲ್ಲಿಟ್ಟು ವಿದ್ಯುತ್ತು ಹಾಯಿಸಿದರು. ಸಮುದ್ರದ ಕಬ್ಬಿಣದಲ್ಲಿ ತುಕ್ಕಿಗಿಂತ ದೊಡ್ಡ ಶತ್ರು ಒಳಗೆ ಸೇರಿಕೊಂಡ ಉಪ್ಪು. ಕ್ಲೋರೈಡ್ ಒಳಗೇ ಉಳಿದರೆ ಹೊರತೆಗೆದ ಫಿರಂಗಿ ಗಾಳಿಯಲ್ಲಿ ಕೆಲವೇ ದಿನಕ್ಕೆ ಹೋಳಾಗತೊಡಗುತ್ತದೆ. ವಿದ್ಯುತ್ತು ಅದನ್ನು ಎಳೆದು ಹೊರಹಾಕುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿ 1862ರ ಡಿಸೆಂಬರ್ 31ರಂದು ಮುಳುಗಿದ 'ಮಾನಿಟರ್' ಯುದ್ಧನೌಕೆಯ ಫಿರಂಗಿ ಗೋಪುರವನ್ನು 2002ರಲ್ಲಿ ಮೇಲೆತ್ತಿದಾಗಲೂ ಇದೇ ಚಿಕಿತ್ಸೆ. ಸುಮಾರು 120 ಟನ್ ತೂಕದ್ದು, ವರ್ಷಗಟ್ಟಲೆ ತೊಟ್ಟಿಯಲ್ಲೇ ಇಟ್ಟರು.

ನನಗೆ ಮಾತ್ರ ಬ್ಯಾಂಕ್ಸ್‌ನ ವಿಷಯವೇ ತಲೆಯಲ್ಲಿ ಸುತ್ತುತ್ತಿತ್ತು. ಫಿರಂಗಿಗಳು ನೀರಿಗೆ ಬಿದ್ದಾಗ ಆತ ಹಡಗಿನಲ್ಲಿದ್ದ. ಅವುಗಳನ್ನು ಉಳಿಸಬಲ್ಲ ವಿದ್ಯೆಯ ಮೊದಲ ಪತ್ರ ಬಂದಿದ್ದೂ ಆತನ ಮೇಜಿಗೇ. ಎರಡಕ್ಕೂ ಸಂಬಂಧ ಇದೆ ಅಂತ ಆತನಿಗೆ ಕನಸಿನಲ್ಲೂ ಹೊಳೆದಿರಲಾರದು.

ಇರಲಿ, ಕೊಟ್ಟಿಗೆಗೆ ಬರೋಣ.

ದೀಪಾವಳಿಗೆ ಒಂದು ವಾರ ರಜೆ ಹಾಕಿ ಊರಿಗೆ ಹೋದೆ. ಬೇಕಾದ ಸಾಮಾನು ಇಷ್ಟೇ. ಬೋರ್ಡೋ ಕಲಸುವ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, ಬಟ್ಟೆ ಸೋಡಾ, ನಾಲ್ಕು ತುಂಡು ಕಟ್ಟಡದ ಕಬ್ಬಿಣದ ಸರಳು, ಸ್ವಲ್ಪ ವೈರು, ಟ್ರ್ಯಾಕ್ಟರ್ ಮೆಕ್ಯಾನಿಕ್ಕನಿಂದ ಎರವಲು ತಂದ ಹಳೇ ಕಾಲದ 12 ವೋಲ್ಟಿನ ಬ್ಯಾಟರಿ ಚಾರ್ಜರ್. ಹೊಸ ಚಾರ್ಜರುಗಳು ತುಂಬಾ ಬುದ್ಧಿವಂತ, ಬ್ಯಾಟರಿ ಕಾಣದಿದ್ದರೆ ಕರೆಂಟೇ ಕೊಡುವುದಿಲ್ಲ. ಡ್ರಮ್ಮನ್ನು ಮೂರು ಸಲ ತೊಳೆದೆ. ಮೈಲುತುತ್ತ ಉಳಿದಿದ್ದರೆ ಅಪ್ಪನ ಗಾಡಿಗೆ ತಾಮ್ರದ ಲೇಪನ ಆಗಿಬಿಡುತ್ತಿತ್ತು!

ಸೂತ್ರ ಡೇವಿಯದ್ದೇ. ಉಳಿಸಬೇಕಾದ ಭಾಗ ಮೈನಸ್ಸಿಗೆ, ಬಲಿಕೊಡುವ ಸರಳು ಪ್ಲಸ್ಸಿಗೆ. ನಾಲ್ಕು ಲೀಟರಿಗೆ ಒಂದು ದೊಡ್ಡ ಚಮಚದಷ್ಟು ಸೋಡಾ. ಮೊದಲು ಒಂದು ಬಕೆಟ್ಟಿನಲ್ಲಿ ಟೂಲ್‌ಬಾಕ್ಸಿನ ಕೊಂಡಿ ಹಾಕಿ ಪ್ರಯೋಗ ಮಾಡಿದೆ. ರಾತ್ರಿ ಹಾಕಿದ್ದು ಬೆಳಿಗ್ಗೆ ನೋಡಿದರೆ ಸರಳು ಹೊಸದರ ಹಾಗಿದೆ, ಕೊಂಡಿ ಮಾತ್ರ ಇಲಿ ತಿಂದ ಹಾಗಿದೆ! ಪ್ಲಸ್ಸು ಮೈನಸ್ಸು ಅದಲುಬದಲು. ಐದಂಕಿ ಸಂಬಳ ಎಣಿಸುವ ಇಂಜಿನಿಯರು. ಅಮ್ಮ ಏನೂ ಅನ್ನಲಿಲ್ಲ, ಸುಮ್ಮನೆ ನಕ್ಕಳು. ಅದು ಫ್ರೇಮ್ ಆಗಿದ್ದಿದ್ದರೆ ನಂಬರಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು ಅಂತ ಹೊಳೆದಾಗ ಬೆವರು ಬಂತು. ಆಮೇಲೆ ಕೆಂಪು, ಕಪ್ಪು ಟೇಪು ಸುತ್ತಿ, ಪ್ರತಿ ಸಲ ಎರಡೆರಡು ಬಾರಿ ನೋಡಿಯೇ ಸ್ವಿಚ್ ಹಾಕಿದ್ದು. ಕ್ಲಚ್ ಲಿವರನ್ನೂ ಇದೇ ಉತ್ಸಾಹದಲ್ಲಿ ಹಾಕಿ ಕೆಡಿಸಿದೆ. ಅದು ಅಲ್ಯುಮಿನಿಯಂ, ಸೋಡಾ ನೀರಿಗೆ ಕರಗಿ ಕಪ್ಪಾಯಿತು.

ನೀವೂ ಮಾಡುವುದಿದ್ದರೆ ದಯವಿಟ್ಟು ಕೆಲವು ಮಾತು ಕೇಳಿ. ಸೋಡಾ ಬದಲು ಅಡುಗೆ ಉಪ್ಪು ಹಾಕಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ. ಪ್ಲಸ್ಸಿಗೆ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ, ಲೋಟ ಕಟ್ಟಬೇಡಿ. ಅದರಲ್ಲಿರುವ ಕ್ರೋಮಿಯಂ ನೀರಿಗಿಳಿದು ಕ್ಯಾನ್ಸರ್ ತರುವ ರೂಪ ತಾಳುತ್ತದೆ. ನಾನು ಅಮ್ಮನ ಹಳೇ ಸ್ಟೀಲ್ ತಟ್ಟೆ ಎತ್ತಿಕೊಂಡಿದ್ದೆ, ಕೆಮಿಸ್ಟ್ರಿ ಓದಿದ ಗೆಳೆಯ ಫೋನಿನಲ್ಲಿ ಬೈದಿದ್ದರಿಂದ ಬಚಾವಾದೆ. ಕ್ರೋಮ್ ಲೇಪನ ಇರುವ ಭಾಗಗಳನ್ನೂ ಹಾಕಬೇಡಿ, ಲೇಪನ ಎದ್ದು ಬರಬಹುದು. ಸ್ಪ್ರಿಂಗು, ಗಡಸು ಬೋಲ್ಟುಗಳಿಗೆ ಇದು ಬೇಡ. ಜಲಜನಕ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ, ಓಡುವಾಗ ಮುರಿದರೆ ಕಷ್ಟ. ಕರೆಂಟ್ ಆಫ್ ಮಾಡದೆ ತಂತಿ, ನೀರು ಯಾವುದನ್ನೂ ಮುಟ್ಟಬೇಡಿ. ಎಲ್ಲಕ್ಕಿಂತ ಮುಖ್ಯ, ಬಾಗಿಲು ಮುಚ್ಚಿದ ಕೋಣೆ ಬೇಡವೇ ಬೇಡ. 3 ಆಂಪಿಯರಿನಂತೆ 12 ಗಂಟೆ ಬಿಟ್ಟರೆ ಎಷ್ಟು ಜಲಜನಕ ಬರುತ್ತದೆ ಅಂತ ಫ್ಯಾರಡೆ ಲೆಕ್ಕ ಹಾಕಿ ನೋಡಿದೆ, ಸುಮಾರು 16 ಲೀಟರ್! ಒಂದು ಕಿಡಿ ಸಾಕು. ನಮ್ಮ ಕೊಟ್ಟಿಗೆಗೆ ಎರಡು ಕಡೆ ಗೋಡೆಯೇ ಇಲ್ಲ, ಹಾಗಾಗಿ ಚಿಂತೆ ಇರಲಿಲ್ಲ. ಪಟಾಕಿ ಮಾತ್ರ ಈ ಸಲ ಅಂಗಳದ ಆಚೆ ತುದಿಗೆ.

ಫ್ರೇಮಿಗೆ ಮೊದಲು ಹಿಂದಿನ ಮಡ್‌ಗಾರ್ಡಿನ ಸರದಿ. ಮೈನಸ್ ಕಡೆ ಸಣ್ಣ ಗುಳ್ಳೆಗಳು ಸೋಡಾ ಬಾಟಲಿಯ ಹಾಗೆ ಏಳುತ್ತಲೇ ಇರುತ್ತವೆ. ಕ್ರಮೇಣ ಮೇಲೆ ಕಂದು ನೊರೆ ಕಟ್ಟುತ್ತದೆ. ತುಕ್ಕು ಮತ್ತೆ ಕಬ್ಬಿಣವಾಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಸ್ವಲ್ಪ ತುಕ್ಕು ಕರಿ ಆಕ್ಸೈಡ್ ಆಗಿ ಬದಲಾಗುತ್ತದೆ, ಉಳಿದದ್ದನ್ನು ಗುಳ್ಳೆಗಳು ಒಳಗಿನಿಂದ ಸಡಿಲಿಸುತ್ತವೆ. ಹೋದ ಉಕ್ಕು ಹೋದದ್ದೇ. ಮರುದಿನ ಎತ್ತಿ ಬ್ರಷ್ಷಿನಲ್ಲಿ ಉಜ್ಜಿದಾಗ ಮಸಿ ಕಳಚಿ ಬೂದುಬಣ್ಣದ ತಗಡು ಕಾಣಿಸಿತು. ಜೊತೆಗೆ ಇಪ್ಪತ್ತೋ ಮೂವತ್ತೋ ತೂತು. ಹಿಂದಿನ ದಿನದವರೆಗೆ ಇಡಿಯಾಗಿ ಕಾಣುತ್ತಿದ್ದ ಮಡ್‌ಗಾರ್ಡನ್ನು ಹಿಡಿದಿಟ್ಟಿದ್ದೇ ತುಕ್ಕು! ಅಮ್ಮ ಬಿಸಿಲಿಗೆ ಹಿಡಿದು ನೋಡಿ, "ಒಳ್ಳೇ ಜರಡಿ ಆಯ್ತಲ್ಲೋ" ಅಂದಳು.

ನನಗೆ ನಗು ಬರಲಿಲ್ಲ. ಮುಂದಿನ ಸರದಿ ನಂಬರಿನದು. ಅದರಡಿಯಲ್ಲೂ ಏನೂ ಇಲ್ಲದಿದ್ದರೆ?

ಒಂದೇ ಸಮಾಧಾನ ಇತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುತ್ತದೆ. ಮೇಲೆ ದಪ್ಪ ಕಂಡಷ್ಟು ಒಳಗೆ ಹೋಗಿರಬೇಕೆಂದಿಲ್ಲ. ಫ್ರೇಮನ್ನು ತಲೆಕೆಳಗಾಗಿ ತೊಲೆಗೆ ಹಗ್ಗ ಕಟ್ಟಿ ನೇತುಹಾಕಿ, ಕುತ್ತಿಗೆಯ ಭಾಗ ಮಾತ್ರ ಡ್ರಮ್ಮಿನಲ್ಲಿ ಮುಳುಗುವಂತೆ ಇಳಿಸಿದೆ. ಈ ವಿದ್ಯುತ್ತು ಎದುರಾಎದುರು ಇರುವ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ, ಮರೆಯಲ್ಲಿ ಸೋಮಾರಿ. ಹಾಗಾಗಿ ಒಂದು ಸರಳನ್ನು ನಂಬರಿನ ಎದುರಿಗೇ, ತಾಗದಂತೆ ನಿಲ್ಲಿಸಿದೆ. ಸಂಜೆ ಆರಕ್ಕೆ ಸ್ವಿಚ್ ಹಾಕಿದೆ. ಎಂಟಕ್ಕೆ ಕರೆಂಟ್ ಹೋಯಿತು, ಹನ್ನೊಂದಕ್ಕೆ ಬಂತು. ನಮ್ಮೂರಲ್ಲಿ ಫ್ಯಾರಡೆ ಇದ್ದಿದ್ದರೆ ನಿಯಮ ಬರೆಯಲು ಇನ್ನೂ ಇಪ್ಪತ್ತು ವರ್ಷ ಹಿಡಿಯುತ್ತಿತ್ತು.

ಎರಡು ರಾತ್ರಿ ಹೀಗೆ. ಮೂರನೇ ಬೆಳಿಗ್ಗೆ ಚಾರ್ಜರ್ ತೆಗೆದು, ಫ್ರೇಮ್ ಎತ್ತಿ, ಅಮ್ಮನ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿದೆ. ಮಸಿ ಹೋಗುತ್ತಾ ಹೋಗುತ್ತಾ ಮೊದಲು ಒಂದು 4 ಕಾಣಿಸಿತು. ಆಮೇಲೆ ಅದರ ಪಕ್ಕ 1. ಆಮೇಲೆ ಉಳಿದವು. ಮೈಸೂರಿನ ಆ ಕಾರ್ಖಾನೆಯಲ್ಲಿ ಯಾರೋ ಸುತ್ತಿಗೆಯಲ್ಲಿ ಹೊಡೆದ ಹೊಡೆತ. ಒಂದು ಅಂಕಿ ಸ್ವಲ್ಪ ಸೊಟ್ಟ, ಬಹುಶಃ ಊಟದ ಬೆಲ್ಲಿನ ಅವಸರದಲ್ಲಿ ಹೊಡೆದಿದ್ದಿರಬೇಕು. ಆ ಸೊಟ್ಟವೂ ಹಾಗೇ ಉಳಿದಿತ್ತು.

ಕೊನೆಯ ಅಂಕಿಯ ಜಾಗದಲ್ಲಿ ಮಾತ್ರ ತುಕ್ಕು ಆಳಕ್ಕೆ ಇಳಿದು ಗುಂಡಿ ಮಾಡಿತ್ತು. 3 ಅಂದರೆ 3, 8 ಅಂದರೆ 8. ಆರ್‌ಸಿ ಪುಸ್ತಕದಲ್ಲಿ 8 ಇದೆ. ಅಮ್ಮ ಟಾರ್ಚನ್ನು ಓರೆಯಾಗಿ ಹಿಡಿದಳು, ನಾನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಎಡಗಡೆಯ ಗೆರೆ ಕೂದಲೆಳೆಯಷ್ಟು ಮೂಡಿತು. "ಎಂಟೇ ಕಣೋ" ಅಂದಳು ಅಮ್ಮ, ಮತ್ತೆ ಕಾಗದ ತಿರುಗಿಸಿ ನೋಡಲೂ ಇಲ್ಲ.

ನೀರು ಆರುವ ಮೊದಲೇ ಬಿಳಿ ಕಬ್ಬಿಣದ ಮೇಲೆ ಮತ್ತೆ ಕಂದು ಛಾಯೆ ಹತ್ತತೊಡಗುತ್ತದೆ, ಕೆಲವೇ ನಿಮಿಷ ಸಾಕು. ಹಾಗಾಗಿ ತಕ್ಷಣ ಬಿಸಿಲಿಗಿಟ್ಟು ಒಣಗಿಸಿ, ನಂಬರಿನ ಮೇಲೆ ಗ್ರೀಸ್ ಹಚ್ಚಿ, ಉಳಿದ ಕಡೆ ಪ್ರೈಮರ್ ಹೊಡೆದೆ. ಪೈಪಿನ ಒಳಗಿನ ತುಕ್ಕಿಗೆ ನನ್ನ ಡ್ರಮ್ಮು ತಲುಪಿಲ್ಲ, ಅದನ್ನು ಬೇರೆ ನೋಡಬೇಕು. ಮಡ್‌ಗಾರ್ಡ್ ಹೊಸದು ಹುಡುಕುತ್ತಿದ್ದೇನೆ. ಇನ್‌ಸ್ಪೆಕ್ಷನ್ ಇನ್ನೂ ಆಗಿಲ್ಲ. ಆ 8 ಅಧಿಕಾರಿಗೂ 8 ಆಗಿಯೇ ಕಾಣಬೇಕು, ನೋಡೋಣ.

ಮೊನ್ನೆ ಅದೇ ಮೆಕ್ಯಾನಿಕ್ಕಿಗೆ ಪೆನ್ಸಿಲ್ ಅಚ್ಚು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇಷ್ಟಕ್ಕೆ ಮೂರು ದಿನಾನಾ ಸಾರ್?" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ನಮ್ಮಪ್ಪಂದು ಒಂದು ಲೂನಾ ಇದೆ, ಸೋಡಾ ಎಷ್ಟು ಹಾಕ್ಬೇಕು ಅಂದ್ರಿ?" ಅಂತ ಕೇಳಿದ.

ನಾಲ್ಕು ಲೀಟರಿಗೆ ಒಂದು ಚಮಚ. ಮೈನಸ್ಸು ಗಾಡಿಗೆ. ಮರೀಬೇಡಿ.